ಹೊಸ್ತಿಲು ದಾಟಿದ ಮೊಟ್ಟೆ

ಕೊಲ್ಹಾಪುರದಿಂದ ನನ್ನ ಗಂಡ ಆಫ್ರಿಕಾದ ಫಿಂಚ್ ಹಕ್ಕಿಗಳ ಜೋಡಿಯೊಂದನ್ನು ಇಚಲಕರಂಜಿಯ ನಮ್ಮ ಮನೆಗೆ ತಂದರು. ಪಂಜರ ನೋಡಿದ್ದೇ ಅತ್ತೆ ಎದೆ ಹಿಡಿದುಕೊಂಡರು.

"ಅಯ್ಯ ಶಿವನ! ಇದರ ಕುತ್ತಿಗಿ ಯಾರ ಕೊಯ್ದಾರ?"

ಗಂಡಿನ ಕೊರಳಿಗೆ ಅಡ್ಡವಾಗಿ ರಕ್ತದ ಬಣ್ಣದ ಪಟ್ಟಿ. ಹೆಣ್ಣಿಗೆ ಅದಿಲ್ಲ. ಎರಡೂ ಗುಬ್ಬಿಗಿಂತ ಚಿಕ್ಕವು, ತಿಳಿಕಂದು ಮೈತುಂಬ ಕಪ್ಪು ಗೀರು. ಆ ಕೆಂಪು ಹುಟ್ಟುಬಣ್ಣ ಎಂದು ನಾನು ಹೇಳುವಷ್ಟರಲ್ಲಿ ಅತ್ತೆ ಅರಿಷಿಣದ ಡಬ್ಬಿ ಹಿಡಿದು ನಿಂತಿದ್ದರು. ನಾನು ನಕ್ಕುಬಿಟ್ಟೆ, ಅವರಿಗೆ ಸಿಟ್ಟು ಬಂತು.

ಹಕ್ಕಿಗಳು ಪಂಜರದಲ್ಲಿಟ್ಟ ಮರದ ಡಬ್ಬಿಯೊಳಗೆ ಒಣಹುಲ್ಲು, ನಮ್ಮ ಮಗ್ಗದಿಂದ ಉದುರಿದ ಹತ್ತಿಯೆಳೆ ಸೇರಿಸಿ ಗೂಡು ಕಟ್ಟಿ ಐದು ಬಿಳಿ ಮೊಟ್ಟೆ ಇಟ್ಟವು. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೊಟ್ಟವು. ಹನ್ನೆರಡು ದಿನಕ್ಕೆ ಮರಿ ಹೊರಬಂದವು, ವಾರದೊಳಗೆ ಐದೂ ಸತ್ತವು. ಹಕ್ಕಿ ಮಾರಿದ ಅಂಗಡಿಯವನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆ.

"ಬರೇ ನವಣಿ ಹಾಕಿದ್ರ ಮರಿ ಉಳಿಯೂದಿಲ್ರೀ ವಹಿನಿ. ಹುಳಾ ಇಲ್ಲಾ ಕುದಿಸಿದ ತತ್ತಿ ಪಾಹಿಜೇಚ್, ಬೇಕ ಬೇಕು."

ಲಿಂಗಪೂಜೆ ಆಗದೆ ನೀರೂ ಮುಟ್ಟದ ಅತ್ತೆಯ ಮುಂದೆ ಈ ಮಾತು!

"ನಾ ಇರೂತನಕ ಈ ಹೊಸ್ತಲಾ ತತ್ತಿ ದಾಟೂದಿಲ್ಲ," ಎಂದರು.

ಅಷ್ಟರಲ್ಲಿ ಹೆಣ್ಣು ಮತ್ತೆ ನಾಲ್ಕು ಇಟ್ಟಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹಂಗಾರ ಗೂಡಿನಾಗಿನವು ಯಾರ ಮನ್ಯಾಗ ಅದಾವ್ರಿ ಅತ್ತಿ?" ಎಂದೆ. ಅವರು ದಡಕ್ಕನೆ ಎದ್ದು ದೇವರ ಕೋಣೆಗೆ ಹೋದರು.

ಆ ನಾಲ್ಕೂ ಮರಿಯಾದವು. ಮೂರನೆಯ ದಿನ ಅವುಗಳ ದನಿ ಸಣ್ಣಗಾಯಿತು. ಅತ್ತೆ ಬೆಳಗಿನಿಂದ ಪಂಜರದ ಹತ್ತಿರವೇ ಕೂತಿದ್ದವರು ಎದ್ದು ಹೊರಗೆ ಹೋದರು. ತಿರುಗಿ ಬಂದಾಗ ಸೆರಗಿನಡಿ ಒಂದು ಬಟ್ಟಲು. ಪಕ್ಕದ ಮನೆಯಲ್ಲಿ ಮೊಟ್ಟೆ ಕುದಿಸಿಕೊಂಡು ಬಂದಿದ್ದರು! ಹೊಸ್ತಿಲಾಚೆಯೇ ನಿಂತರು.

"ಪಂಜರಾ ಹೊರಗ ತಾರವಾ."

"ಅಲುಗಿಸಿದ್ರ ಹೆದರಿ ಗೂಡ ಬಿಟ್ಟಬಿಡ್ತಾವ್ರಿ ಅತ್ತಿ."

ನನ್ನ ಕೊಂಕುಮಾತು ನೆನಪಾಗಿ ನಾಚಿಕೆಯಾಯಿತು. ಬಟ್ಟಲು ನಾನು ಇಸಿದುಕೊಳ್ಳಬಹುದಿತ್ತು, ಕೈ ಚಾಚಿದೆ. ಅವರು ಕೊಡಲಿಲ್ಲ.

"ಮಾತ ಆಡಿದಾಕಿ ನಾನು. ಮುರಿಯಾಕಿನೂ ನಾನ ಆಗ್ಲಿ," ಎಂದು ಒಳಗೆ ಕಾಲಿಟ್ಟರು.

ತಾವೇ ಪುಡಿ ಮಾಡಿ ಹಾಕಿದರು. ಗಂಡು ಮೊದಲು ಇಳಿದು ಬಂದು ತುಂಬಿದ ಕೊಕ್ಕಿನೊಡನೆ ಗೂಡಿಗೆ ಹೋಯಿತು. ಒಳಗೆ ಕಿಚಿಕಿಚಿ ಎದ್ದಿತು. ಮೊಟ್ಟೆ ಮುಟ್ಟಿದ್ದಕ್ಕೆ ಅತ್ತೆ ಮತ್ತೆ ಸ್ನಾನ ಮಾಡುತ್ತಾರೆಂದು ನಾನು ನೀರು ಕಾಯಿಸಿಟ್ಟೆ.

"ಇರಲಿ ತಡಿ," ಎಂದರು, "ಇನ್ನೊಮ್ಮಿ ಹಾಕೂದೈತಿ."