ಸೊನ್ನೆಯ ಮೇಲೆ ಏಜಾಜನ ದಂಡಯಾತ್ರೆ

ಶಹಾಪುರದ ಬಸ್ ನಿಲ್ದಾಣದ ಹಿಂದಿರುವ ಏಜಾಜನ ಆನ್‌ಲೈನ್ ಅಂಗಡಿಯಲ್ಲಿ ಒಂದು ಸೊನ್ನೆಯ ವಿರುದ್ಧ ಎಂಟು ತಿಂಗಳು ಯುದ್ಧ ನಡೆಯಿತು. ನಮ್ಮ ಈ ರಣಧೀರ ಏಜಾಜನ ವಯಸ್ಸು ನಲವತ್ತಾರು, ಆಯುಧ ಒಂದು ಕೀಬೋರ್ಡು, ಅದರಲ್ಲೂ ಎರಡು ಗುಂಡಿ ಇಲ್ಲ.

ಮೇಜಿನ ಕೆಳಗೆ ಪರದೆಯಿಲ್ಲದ ಒಂದು ಲಿನಕ್ಸ್ ಕಂಪ್ಯೂಟರಿನ ಪೆಟ್ಟಿಗೆ. ಹೊರಗಿನ ಇಂಟರ್ನೆಟ್ಟನ್ನು ಅದು ಉಳಿದ ಮೂರು ಕಂಪ್ಯೂಟರುಗಳಿಗೆ ದಾಟಿಸಬೇಕು. ಅದರ ಸೆಟ್ಟಿಂಗಿನಲ್ಲಿ ‘ಒಂದು’ ಎಂದು ಬರೆದರೆ ದಾಟಿಸುತ್ತದೆ, ‘ಸೊನ್ನೆ’ ಎಂದರೆ ತಡೆಯುತ್ತದೆ. ಏಜಾಜ ಒಂದು ಬರೆಯುತ್ತಿದ್ದ. ಕರೆಂಟು ಹೋಗಿ ಬಂದರೆ ಮತ್ತೆ ಸೊನ್ನೆ. ನಮ್ಮೂರಿನ ಕರೆಂಟೋ, ಮುನಿಸಿಕೊಂಡ ಅಳಿಯನಂತೆ ದಿನಕ್ಕೆ ನಾಲ್ಕು ಸಲ ಎದ್ದು ಹೋಗುತ್ತದೆ.

ವೈರು ಬದಲಿಸಿದ. ಇಲಿಗಳ ಮೇಲೆ ಗುಮಾನಿಪಟ್ಟ.

“ಒಂದು ನಿಂಬಿಹಣ್ಣು ಕಟ್ರಿ ಸಾಬರ,” ಎಂದ ಪಹಣಿ ತೆಗೆಸಲು ಬಂದ ಬಸಲಿಂಗ.

“ನಿಂಬಿಹಣ್ಣಿಗಿ ಪಾಸ್‌ವರ್ಡ್ ಗೊತ್ತದ ಏನೋ?”

ಎರಡನೇ ವಾರ ಶತ್ರುವಿನ ಬಿಡಾರ ಸಿಕ್ಕಿತು. ಪೆಟ್ಟಿಗೆ ಶುರುವಾಗುವಾಗ ಸೆಟ್ಟಿಂಗಿನ ಕಡತಗಳನ್ನು ಸಾಲಾಗಿ ಓದುತ್ತದೆ. ಕೊನೆಯ ಕಡತ ಹೇಳಿದ್ದೇ ನಡೆಯುತ್ತದೆ. ಮೊದಲಿನದರಲ್ಲಿ ಒಂದು ಇದ್ದರೂ ಅಲ್ಲಿ ಸೊನ್ನೆ ಕೂತಿತ್ತು. ಅದರ ಮೇಲೊಂದು ಟಿಪ್ಪಣಿ: ‘ಭಾಯಿ ಬೈದಾನ. ಹುಡುಗರ ಆಟ ಬಂದ್. ಶಾರುಖ್.’

ಶಾರುಖ್ ಅವನ ತಮ್ಮ, ಈ ಕಂಪ್ಯೂಟರುಗಳನ್ನೆಲ್ಲ ಜೋಡಿಸಿದವನು. ಸಂಜೆ ಹುಡುಗರಿಗೆ ಗೇಮ್ ಆಡಲು ಬಿಡುತ್ತಾನೆಂದು ಏಜಾಜ ಗಿರಾಕಿಗಳ ಎದುರಿಗೇ ಬೈದಿದ್ದ. ಮರುದಿನ ಬೆಳಿಗ್ಗೆ ಸುರಪುರದ ರಸ್ತೆಯಲ್ಲಿ ತಮ್ಮನ ಬೈಕಿಗೆ ಲಾರಿ ಬಡಿಯಿತು.

ಸತ್ತವರ ಸಾಮಾನನ್ನು ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆಗುವವರೆಗೆ ಮುಟ್ಟಬಾರದೆಂದಳು ತಾಯಿ ಜೈತುನಬೀ. ನಲವತ್ತು ಕಳೆಯಿತು, ನೂರಾ ನಲವತ್ತೂ ಕಳೆಯಿತು. ತಮ್ಮನ ಆ ಸಾಲು ಅಳಿಸಲು ಕೈ ಬಾರದೆ ನಮ್ಮ ರಣಧೀರ ಪ್ರತಿ ಸಲವೂ ಕೈಯಿಂದಲೇ ಒಂದು ಬರೆಯುತ್ತಿದ್ದ.

ಗಂಡ ತೀರಿದ ಮೇಲಿನ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕಳೆದ ಮೇಲೆ ಶಾರುಖನ ಹೆಂಡತಿ ಆಸ್ಮಾ ಅಂಗಡಿಗೆ ಬಂದು ಜನರ ಅರ್ಜಿ ತುಂಬತೊಡಗಿದಳು. ಆ ಸಾಲು ಅವಳ ಕಣ್ಣಿಗೆ ಬೀಳದಿರಲೆಂದು ಏಜಾಜ ಪೆಟ್ಟಿಗೆಯ ಪಾಸ್‌ವರ್ಡ್ ಕೊಡಲಿಲ್ಲ.

ಅವಳದೇ ಒಂದು ಅರ್ಜಿಯಿತ್ತು, ಅಂಗನವಾಡಿ ಕೆಲಸದ್ದು. ಆದಾಯ ಪ್ರಮಾಣಪತ್ರ ಕೈಗೆ ಬಂದದ್ದು ಕೊನೆಯ ದಿನ ಮಧ್ಯಾಹ್ನ. ಏಜಾಜ ಸೈದಾಪುರದ ಕಡೆಯ ಒಂದು ಕಾರ್ಖಾನೆಗೆ ಪ್ರಿಂಟರು ರಿಪೇರಿ ಮಾಡಲು ಹೋಗಿದ್ದ. ಕರೆಂಟು ಹೋಯಿತು, ಬಂತು, ಇಂಟರ್ನೆಟ್ ಬರಲಿಲ್ಲ. ಪಾಸ್‌ವರ್ಡ್ ಕೇಳಲು ಆಸ್ಮಾ ಹನ್ನೊಂದು ಸಲ ಫೋನ್ ಮಾಡಿದಳು. ಅವನು ಫೋನನ್ನು ಕಾರ್ಖಾನೆಯ ಗೇಟಿನಲ್ಲಿ ಒಪ್ಪಿಸಿ ಒಳಗಿದ್ದ. ಅವಳ ಮೊಬೈಲಿನಲ್ಲಿ ಆ ಪುಟ ತೆರೆಯಲಿಲ್ಲ. ಎದುರಿನ ಆನ್‌ಲೈನ್ ಅಂಗಡಿಯ ಸರದಿ ಬೀದಿಗೆ ಬಂದಿತ್ತು. ಗಡುವಿನ ಐದೂವರೆ ಹೊಡೆಯಿತು.

ಆರಕ್ಕೆ ಬಂದ ಏಜಾಜ ತಲೆ ತಗ್ಗಿಸಿಕೊಂಡೇ ಕಡತ ತೆರೆದು ತೋರಿಸಿದ.

ಆಸ್ಮಾ ಓದಿದಳು. “ಭಾಯಿ, ಆವತ್ತ ರಾತ್ರಿ ಅವರು ನಕ್ಕೋತ ಹೇಳಿದ್ರು. ‘ಅಣ್ಣನ ಸಿಟ್ಟು ಒಂದ ದಿನದ್ದು, ನಾಳಿ ತೆಗಿತೀನಿ’ ಅಂದ್ರು.”

ಏಜಾಜ ಅಳಿಸಲು ಕೀಬೋರ್ಡನ್ನು ಹತ್ತಿರ ಎಳೆದುಕೊಂಡ.

“ಆ ಕಡಿ ಸರೀರಿ.”

ಅವಳೇ ಅಳಿಸಿದಳು. ಪೆಟ್ಟಿಗೆಯನ್ನು ಆರಿಸಿ, ಮತ್ತೆ ಹಚ್ಚಿದಳು. ಸೊನ್ನೆ ಬರಲಿಲ್ಲ. ಮಧ್ಯಾಹ್ನದಿಂದ ತಿರುಗುತ್ತಲೇ ಇದ್ದ ಅವಳ ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು: ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ.