ತಂಗಿ ರೊಟ್ಟಿ ಬಡಿಯಲು ಕಲಿತ ವರ್ಷ

ಅವ್ವ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನ ಪಕ್ಕದಲ್ಲಿ ಕುಳಿತು, ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹಾವೇರಿಯಿಂದ ಬಂದ ನೆಂಟರು ಶಿವಗಣಾರಾಧನೆ ಮುಗಿಸಿ ಹೊರಟುಹೋದರು. ಅಪ್ಪ ಮೊದಲೇ ತೀರಿಕೊಂಡಿದ್ದರು; ವಿಜಯನಗರ ಬಡಾವಣೆಯ ಮನೆಯಲ್ಲಿ ನಾನು ಮತ್ತು ನನ್ನ ತಂಗಿ ಇಬ್ಬರೇ ಉಳಿದೆವು. ನನಗೆ ನಲವತ್ತೆಂಟು, ಅವಳಿಗೆ ನಲವತ್ತಮೂರು.

ತಂಗಿಗೆ ಹುಟ್ಟಿನಿಂದ ಕಲಿಕೆ ನಿಧಾನ. ಓದು ಹತ್ತಲಿಲ್ಲ, ಲೆಕ್ಕ ಹತ್ತಲಿಲ್ಲ, ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಆಮೇಲೆ ಅವಳ ಬದುಕೆಲ್ಲ ಅವ್ವನ ಸೆರಗಿನ ಹಿಂದೆಯೇ. ಅವ್ವ ತಲೆ ಬಾಚುತ್ತಿದ್ದಳು, ತಟ್ಟೆಗೆ ಬಡಿಸಿ ಕಲಸಿ ಕೈಗೆ ಕೊಡುತ್ತಿದ್ದಳು. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಹೋಗಿ ಸಂಜೆ ಬರುವವಳಿಗೆ ಮನೆ ಹೇಗೆ ನಡೆಯುತ್ತಿದೆ ಎಂದು ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ.

ರಜೆ ಮುಗಿದ ಮೇಲೆ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ. ಸಂಜೆ ಬಂದಾಗ ಡಬ್ಬಿ ತೆರೆದಿರಲಿಲ್ಲ. ತಂಗಿ ಅವ್ವನ ಮಂಚದ ತುದಿಯಲ್ಲಿ, ಬೆಳಿಗ್ಗೆ ಕೂತ ಜಾಗದಲ್ಲೇ ಕೂತಿದ್ದಳು.

“ಯಾಕೆ ತಿನ್ನಲಿಲ್ಲ?” ಅಂದೆ.

“ನೀನು ಕೊಡಲಿಲ್ಲ,” ಅಂದಳು.

ಹೀಗೆ ಎರಡು ವಾರ ನಡೆಯಿತು. ಡಬ್ಬಿ ಕೆಲವು ದಿನ ಖಾಲಿಯಾಗುತ್ತಿತ್ತು, ಕೆಲವು ದಿನ ಇಲ್ಲ. ನನಗೆ ಅಯ್ಯೋ ಅನ್ನಿಸಬೇಕಿತ್ತು. ಉಳಿದ ಅನ್ನವನ್ನು ಬೀದಿ ಹಸುಗಳಿಗೆ ಇಡುವ ಬಕೆಟ್ಟಿಗೆ ಹಾಕಿ, ಡಬ್ಬಿ ತೊಳೆದು ಬೋರಲು ಹಾಕುತ್ತಿದ್ದೆ. ಕೊನೆಗೆ ಎದುರುಮನೆಯ ಆಂಟಿ ನನ್ನನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿದರು.

“ನಿನ್ನ ತಂಗಿ ಇಡೀ ದಿನ ಕಿಟಕಿ ಹತ್ರ ನಿಂತ್ಕೊಂಡು ಹೋಗೋ ಬರೋರನ್ನೆಲ್ಲ ಟೈಮ್ ಎಷ್ಟು ಅಂತ ಕೇಳ್ತಾಳೆ ಕಣಮ್ಮ. ಡೆಲಿವರಿ ಹುಡುಗರು ನಗ್ತಾರೆ. ನೋಡೋಕಾಗಲ್ಲ.”

ಅನ್ನಪೂರ್ಣೇಶ್ವರಿ ನಗರದಲ್ಲಿ ಇಂಥವರಿಗೆ ಕೆಲಸ ಕಲಿಸುವ ಒಂದು ಕಡೆ ಇದೆ ಎಂದು ಹೇಳಿದವರೂ ಅವರೇ. ಮುಂದಿನ ಶನಿವಾರ ತಂಗಿಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ.

ಅದೊಂದು ಮನೆಯ ನೆಲಮಹಡಿ. ಮುಂದಿನ ಹಾಲಿನಲ್ಲಿ ಉದ್ದ ಮೇಜು, ಹಿಂದೆ ದೊಡ್ಡ ಅಡುಗೆಮನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಬಸವೇಶ್ವರ ನಗರ, ರಾಜಾಜಿನಗರದ ಅಂಗಡಿಗಳಿಗೆ ಕೊಡುತ್ತಿದ್ದರು. ಬಂದ ಲಾಭ ತರಬೇತಿಗೇ ಹೋಗುತ್ತಿತ್ತು. ಹದಿನಾರು ಜನ ಕೆಲಸಗಾರರು. ಎಲ್ಲರೂ ನನ್ನ ತಂಗಿಯ ಹಾಗೆ ದೊಡ್ಡವರು, ಕಲಿಕೆ ನಿಧಾನವಾದವರು. ನಡೆಸುತ್ತಿದ್ದಾಕೆ ಮೊದಲು ವಿಶೇಷ ಶಾಲೆಯಲ್ಲಿ ಟೀಚರಾಗಿದ್ದವರು. ಎಲ್ಲರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು.

“ಮನೇಲಿ ಏನೇನ್ ಕೆಲಸ ಮಾಡ್ತಾರೆ?” ಎಂದು ಮಿಸ್ ಕೇಳಿದರು.

“ಏನೂ ಮಾಡಲ್ಲ.”

ಅವರು ನನ್ನನ್ನು ಬಿಟ್ಟು ತಂಗಿಯ ಕಡೆ ತಿರುಗಿದರು. “ನಿಮಗೆ ಏನ್ ಇಷ್ಟ?” ತಂಗಿ ನನ್ನ ಮುಖ ನೋಡಿದಳು. “ಅಕ್ಕನ್ನ ನೋಡಬೇಡಿ. ನನ್ನ ನೋಡಿ ಹೇಳಿ.”

ತಂಗಿ ಅವರ ಕಡೆ ತಿರುಗಿ, “ಅವ್ವ,” ಅಂದಳು.

ಮಿಸ್ ಅದನ್ನು ಫಾರಂನಲ್ಲಿ ಬರೆದುಕೊಂಡರು. ಆ ಉತ್ತರವನ್ನು ಯಾವ ಕಾಲಮ್ಮಿಗೆ ಹಾಕಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮೊದಲ ತಿಂಗಳು ಕೈ ತೊಳೆಯುವುದು, ಟೋಪಿ ಹಾಕುವುದು, ಏಪ್ರನ್ ಗಂಟು ಹಾಕುವುದು, ಇಷ್ಟನ್ನೇ ಕಲಿಸಿದರು. ಆಮೇಲೆ ಪ್ಯಾಕಿಂಗ್ ಮೇಜಿಗೆ ಕೂರಿಸಿದರು. ಅಂಕಿ ಗೊತ್ತಿಲ್ಲದವರಿಗೆ ತೂಕ ಹೇಗೆ ಕಲಿಸುತ್ತಾರೆ ಎಂದುಕೊಂಡಿದ್ದೆ. ಮುಳ್ಳಿನ ತಕ್ಕಡಿಯ ಮುಖಕ್ಕೆ ಹಸಿರು ಟೇಪು ಅಂಟಿಸಿದ್ದರು; ಮುಳ್ಳು ಹಸಿರಿಗೆ ಬಂದರೆ ಚಟ್ನಿಪುಡಿ ಸಾಕು. ರೊಟ್ಟಿಗೆ ಹತ್ತು ಗೂಡಿನ ಮರದ ತಟ್ಟೆ. ಗೂಡುಗಳೆಲ್ಲ ತುಂಬಿದರೆ ಒಂದು ಪ್ಯಾಕೆಟ್. ತಂಗಿ ಒಂದು ಗೂಡನ್ನೂ ಖಾಲಿ ಬಿಡುತ್ತಿರಲಿಲ್ಲ. ನಮ್ಮ ಅಪ್ಪ ಅವಳಿಗೆ ಹತ್ತರವರೆಗೆ ಎಣಿಸಲು ಕಲಿಸುತ್ತೇನೆಂದು ಎರಡು ಬೇಸಿಗೆ ಒದ್ದಾಡಿ ಕೈಬಿಟ್ಟಿದ್ದರು.

ಆದರೆ ಅವಳು ಸಮಯ ಸಿಕ್ಕಾಗೆಲ್ಲ ಎದ್ದು ಒಲೆಯ ಕಡೆ ಹೋಗಿ ನಿಲ್ಲುತ್ತಿದ್ದಳಂತೆ. ಅಲ್ಲಿ ರೊಟ್ಟಿ ಕಲಿಸುತ್ತಿದ್ದವಳು ವಿಜಯಪುರದ ಕಡೆಯ ಹೆಂಗಸು. ಗಂಡನ ಜೊತೆ ದುಡಿಯಲು ಬಂದು ಬಾಪೂಜಿ ನಗರದಲ್ಲಿ ಮನೆ ಮಾಡಿದ್ದಳು. ಅವಳೇ ಮಿಸ್ ಹತ್ತಿರ ಹೋಗಿ, ಇವಳನ್ನು ನನಗೆ ಕೊಡಿ ಎಂದು ಕೇಳಿದ್ದಳು. ಒಲೆ ಕೆಲಸಕ್ಕೆ ಮನೆಯವರ ಸಹಿ ಬೇಕಿತ್ತು. ಮಿಸ್ ಫೋನ್ ಮಾಡಿದರು.

“ಬೇಡ ಮೇಡಂ. ಅವಳಿಗೆ ಬೆಂಕಿ ಗೊತ್ತಾಗಲ್ಲ. ಚಿಕ್ಕವಳಿದ್ದಾಗ ಬಿಸಿ ಹಾಲಿನ ಪಾತ್ರೆ ಎಳ್ಕೊಂಡು ಮೈಮೇಲೆ ಹಾಕ್ಕೊಂಡಿದ್ಲು,” ಎಂದೆ.

ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೆಂದರೆ, ಹೇಳುವಾಗ ನಾಲಿಗೆ ಎಲ್ಲೂ ತಡೆಯುತ್ತಿರಲಿಲ್ಲ.

ನಡೆದದ್ದು ಬೇರೆ. ನನಗೆ ಹದಿನಾಲ್ಕು, ಅವಳಿಗೆ ಒಂಬತ್ತು. ಅವ್ವ ಪಕ್ಕದ ಬೀದಿಗೆ ಹೋಗಿದ್ದಳು. ಹಾಲು ಉಕ್ಕಿತೆಂದು ನಾನು ಬಟ್ಟೆಯಲ್ಲಿ ಪಾತ್ರೆ ಹಿಡಿದು ಇಳಿಸಿ, ಗಡಿಬಿಡಿಯಲ್ಲಿ ತಿರುಗಿದೆ. ಅವಳು ಹಿಂದೆಯೇ ನಿಂತಿದ್ದಳು. ಹಾಲೆಲ್ಲ ಅವಳ ಎಡಗೈ ಮೇಲೆ, ತೊಡೆಯ ಮೇಲೆ ಬಿತ್ತು. ಅವ್ವ ಓಡಿಬಂದಾಗ, “ಅವಳೇ ಎಳ್ಕೊಂಡ್ಲು,” ಎಂದುಬಿಟ್ಟೆ. ತಂಗಿ ಕಿರುಚುತ್ತಿದ್ದಳು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮಾತಾಡುವಂತಾದ ಮೇಲೆ ಅವಳನ್ನು ಯಾರೂ ಕೇಳಲಿಲ್ಲ. ಅಪ್ಪ ಅಡುಗೆಮನೆ ಬಾಗಿಲಿಗೆ ಹೊರಗಡೆ, ಅವಳಿಗೆ ಎಟುಕದಷ್ಟು ಮೇಲೆ ಚಿಲಕ ಹಾಕಿಸಿದರು. ಅವಳು ಬೆಳೆದು ಎತ್ತರವಾದಳು, ಚಿಲಕ ಎಟುಕುವಂತಾಯಿತು, ಆದರೂ ಹೊಸ್ತಿಲು ದಾಟಲಿಲ್ಲ. “ಆಕಿಗೆ ಬೆಂಕಿ ತಿಳಿಯಂಗಿಲ್ಲ,” ಎಂದು ಅವ್ವ ಬಂದವರಿಗೆಲ್ಲ ಹೇಳುವಳು. ನಾನು ಪಕ್ಕದಲ್ಲೇ ಇರುತ್ತಿದ್ದೆ.

ಫೋನ್ ಇಟ್ಟ ವಾರದಲ್ಲೇ, ಸಂಜೆ ತಂಗಿಯನ್ನು ಕರೆದುಕೊಂಡು ಬರಲು ಹೋದಾಗ ರೊಟ್ಟಿ ಕಲಿಸುವಾಕೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ಅಕ್ಕಾರ, ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಿಮ್ ತಂಗಿ ಕೈ ಮ್ಯಾಲೆ ಕಲೆ ಐತಲ್ರಿ, ಹೆಂಗಾತವ್ವ ಅಂತ ಕೇಳಿದ್ನಿರಿ. ‘ಅಕ್ಕ ಹಾಲು ಚೆಲ್ಲಿದ್ಲು’ ಅಂದ್ಲ್ರಿ.”

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಉತ್ತರಕ್ಕೆ ಕಾದು ನಿಂತಿದ್ದಳು. ಒಳಗೆ ತಂಗಿ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕುತ್ತಿರುವುದು ಕಾಣುತ್ತಿತ್ತು.

“ಹೌದು,” ಎಂದೆ. “ನಾನೇ ಚೆಲ್ಲಿದ್ದು.”

“ಮತ್ತ ಆಕಿದೇನ್ರಿ ತಪ್ಪು?”

“ಏನೂ ಇಲ್ಲ.”

ಮೂವತ್ತನಾಲ್ಕು ವರ್ಷದ ಮೇಲೆ ಬಾಯಿ ಬಿಟ್ಟಿದ್ದೆ. ನೆಲ ಕುಸಿಯಬೇಕಿತ್ತು. ಏನೂ ಆಗಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿತು. ನಾನು ಒಳಗೆ ಹೋಗಿ ಮಿಸ್ ಮೇಜಿನ ಮೇಲಿದ್ದ ಕಾಗದಕ್ಕೆ ಸಹಿ ಹಾಕಿದೆ.

ಆಟೋದಲ್ಲಿ ತಂಗಿಯನ್ನು ಕೇಳಿದೆ. “ಹಾಲು ಬಿದ್ದಿದ್ದು ನಿನಗೆ ನೆನಪಿದ್ಯಾ?”

“ಹೂಂ.”

“ಅವ್ವನಿಗೆ ಯಾಕೆ ಹೇಳಲಿಲ್ಲ?”

ಅವಳು ಹೊರಗೆ ನೋಡುತ್ತಿದ್ದಳು. “ಅವ್ವ ನಿನ್ನ ಹೊಡೀತಾಳೆ,” ಅಂದಳು. ಆಮೇಲೆ, “ತುಂಬಾ ಬಿಸಿ ಇತ್ತು,” ಅಂದಳು.

“ತಪ್ಪಾಯ್ತು ಕಣೇ,” ಎಂದೆ. ಆ ಮಾತು ಆಟೋದ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಮತ್ತೆ ಹೇಳಲು ಹೋಗಲಿಲ್ಲ. ಅವ್ವನಿಗೂ ಹೇಳಬೇಕಾದ ಮಾತು ಅದು. ಅವ್ವ ಹೋಗಿ ಆಗ ಐದು ತಿಂಗಳಾಗಿತ್ತು.

ಒಲೆಯ ಮುಂದೆ ಅವಳು ಕಲಿತದ್ದು ನಿಧಾನವಾಗಿ, ಏಳೆಂಟು ತಿಂಗಳು ಹಿಡಿಯಿತು. ಹಿಟ್ಟಿಗೆ ಕುದಿಯುವ ನೀರು ಹಾಕುವ ಕೆಲಸ ಮಾತ್ರ ಕಲಿಸುವಾಕೆಯೇ ಮಾಡುತ್ತಿದ್ದಳು. ನಾದುವುದು, ಬಡಿಯುವುದು, ಹಂಚಿಗೆ ಹಾಕಿ ಒದ್ದೆ ಬಟ್ಟೆ ಸವರುವುದು ತಂಗಿಯ ಪಾಲು. ಮೊದಮೊದಲು ರೊಟ್ಟಿಗಳು ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಪ್ಯಾಕೆಟ್ಟಿಗೆ ಹೋಗದೆ ಅವರ ಮಧ್ಯಾಹ್ನದ ಊಟಕ್ಕೆ ಹೋಗುತ್ತಿದ್ದವು. ಯಾವಾಗ ತಿರುವಬೇಕೆಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಮೇಲಿನ ನೀರು ಆರಿ ಹೊಳಪು ಹೋದಾಗ ತಿರುವು ಎಂದು ಕಲಿಸುವಾಕೆ ನೂರಾರು ಸಲ ಹೇಳಿರಬೇಕು. ಎರಡು ಸಲ ಬೆರಳು ಸುಟ್ಟುಕೊಂಡಳು. ಎರಡೂ ಸಲ ಅವಳೇ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳೆಂದು ಮಿಸ್ ಹೇಳಿದರು. ಬೆಂಕಿ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಮನೆಯಲ್ಲಿ ಮಾತ್ರ ಅವಳು ಅಡುಗೆಮನೆಯ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ, “ರೊಟ್ಟಿ ನೀನೇ ಮಾಡು ಬಾ,” ಎಂದು ಕರೆದೆ.

“ಅವ್ವ ಬೈಯಲ್ವಾ?”

“ಅವ್ವ ಇಲ್ಲ ಕಣೇ.”

“ಗೊತ್ತು,” ಎಂದು ಒಳಗೆ ಬಂದಳು.

ಅವಳು ಅವ್ವ ರೊಟ್ಟಿ ಬಡಿಯುತ್ತಿದ್ದ ಮರದ ಕೊಣಮಿಗೆಯನ್ನು ಎಳೆದುಕೊಂಡು ಹಿಟ್ಟು ಉದುರಿಸಿದಳು. ಬಡಿಯುವ ಸದ್ದು ಕೇಳುತ್ತಾ ನಾನು ಬದನೆಕಾಯಿ ಹೆಚ್ಚಿದೆ. ಅವಳು ಮಾಡಿದ ರೊಟ್ಟಿ ಅವ್ವನ ರೊಟ್ಟಿಗಿಂತ ದಪ್ಪಗಿತ್ತು. ಮೂರು ತಿಂದೆ. ಏನು ಅನ್ನಿಸಿತು ಎಂದು ಯಾರಾದರೂ ಕೇಳಿದರೆ, ಹೊಟ್ಟೆ ತುಂಬಿತು ಎನ್ನಬಲ್ಲೆ. ಆದರೆ ಅಂದು ಸಂಜೆ ಬಡಗಿಯನ್ನು ಕರೆಸಿ ಆ ಚಿಲಕ ತೆಗೆಸಿದೆ.

ವರ್ಷ ತುಂಬುವ ಹೊತ್ತಿಗೆ ಮಿಸ್ ಮತ್ತೆ ಕರೆದು ಕೂರಿಸಿದರು. ಕೆಂಗೇರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದಿದೆ, ಹೆಚ್ಚಿನವರು ಉತ್ತರ ಕರ್ನಾಟಕದಿಂದ ಓದಲು ಬಂದವರು, ಮೆಸ್ಸಿನಲ್ಲಿ ದಿನಾ ಮಧ್ಯಾಹ್ನ ರೊಟ್ಟಿ ಬೇಕು. ನಿಮ್ಮ ತಂಗಿಯನ್ನು ಕಳಿಸೋಣವೇ ಎಂದರು.

“ಅಲ್ಲಿ ಯಾರು ನೋಡ್ಕೋತಾರೆ?” ಎಂದೆ.

“ಒಂದು ತಿಂಗಳು ನಮ್ಮ ಟ್ರೈನರ್ ಜೊತೇಲಿರ್ತಾರೆ. ಆಮೇಲೆ ಇವರೊಬ್ಬರೇ. ಇಲ್ಲಿ ಜಾಗ ಖಾಲಿಯಾದ್ರೆ ತಾನೇ ಇನ್ನೊಬ್ಬರಿಗೆ ಕಲಿಸೋಕಾಗೋದು?” ಎಂದವರು ತಂಗಿಯ ಕಡೆ ತಿರುಗಿದರು. “ಹೋಗ್ತೀರಾ?”

ಈ ಸಲ ತಂಗಿ ನನ್ನನ್ನು ನೋಡಲಿಲ್ಲ. “ಹಂಚು ದೊಡ್ಡದಾ?” ಎಂದು ಕೇಳಿದಳು.

ವಿಜಯನಗರದಿಂದ ಕೆಂಗೇರಿಗೆ ಮೆಟ್ರೋ. ಟ್ರೈನರ್ ಒಂದು ತಿಂಗಳು ಜೊತೆಗೆ ಓಡಾಡಿ, ಕೊನೆಯ ವಾರ ಬೇರೆ ಬೋಗಿಯಲ್ಲಿ ಕೂತು ದೂರದಿಂದ ನೋಡಿಕೊಂಡರು. ಒಬ್ಬಳೇ ಹೋದ ಎರಡನೆಯ ದಿನ ತಂಗಿ ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಲ್ಲಿ ಇಳಿದುಬಿಟ್ಟಳು. ಕೆಂಗೇರಿ ಅಂದಿದ್ದು ಕೇಳಿಸಿತ್ತು, ಇಳಿದಳು. ನಾನು ಕಡತ ನೋಡುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ನಿಲ್ದಾಣದ ಸೆಕ್ಯೂರಿಟಿ ಹೆಂಗಸು.

“ನಿಮ್ಮ ತಂಗಿ ಕುತ್ತಿಗೇಲಿ ಹಾಕ್ಕೊಂಡಿರೋ ನಿಮ್ಮ ನಂಬರಿನ ಕಾರ್ಡ್ ತೋರಿಸಿದ್ರು ಮೇಡಂ. ಮುಂದಿನ ಸ್ಟೇಷನ್ನಿಗೆ ಹತ್ತಿಸಿ ಕಳಿಸಿದೀನಿ, ಅಲ್ಲಿ ನಮ್ಮೋರಿಗೆ ಹೇಳಿದೀನಿ. ಗಾಬರಿ ಆಗಬೇಡಿ.”

ಗಾಬರಿ ಆಗಿರಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಅದೇ ಕಡತದ ಅದೇ ಸಾಲನ್ನು ಹಾಸ್ಟೆಲ್ಲಿನಿಂದ ಫೋನ್ ಬರುವವರೆಗೂ ಓದುತ್ತಲೇ ಇದ್ದೆ. ಸಂಜೆ ತಂಗಿಯೇ ವಿವರಿಸಿದಳು. “ಎರಡು ಕೆಂಗೇರಿ ಇದೆ ಅಕ್ಕ. ಎರಡನೇದು ನಂದು.”

ಈಗ ಎಂಟು ತಿಂಗಳಾಯಿತು. ಭಾನುವಾರ ಬಿಟ್ಟು ದಿನವೂ ಹೋಗುತ್ತಾಳೆ. ನನಗಿಂತ ಮುಂಚೆ ಎದ್ದು, ತಲೆ ಬಾಚಿಕೊಂಡು ಹೊರಡುತ್ತಾಳೆ. ಬೈತಲೆ ಓರೆಯಾಗಿರುತ್ತದೆ.

ಹೋದ ತಿಂಗಳು ರಜೆ ಹಾಕಿ ಒಂದು ಮಧ್ಯಾಹ್ನ ಆ ಹಾಸ್ಟೆಲ್ಲಿಗೆ ಹೋದೆ. ಮೆಸ್ಸಿನವರು ನನ್ನನ್ನೂ ಊಟಕ್ಕೆ ಕೂರಿಸಿದರು. ತಂಗಿ ಒಲೆಯ ಮುಂದಿದ್ದಳು. ನನ್ನನ್ನು ನೋಡಿ ಒಮ್ಮೆ ನಕ್ಕು ಮತ್ತೆ ಹಂಚಿನ ಕಡೆ ತಿರುಗಿದಳು. “ಆಂಟಿ, ಇನ್ನೊಂದ್ ರೊಟ್ಟಿ ಕೊಡ್ರಿ,” ಎಂದು ಹುಡುಗಿಯರು ಕೂಗುತ್ತಿದ್ದರು. ಅವಳು, “ಇರ್ರಿ, ಬಂತು,” ಎನ್ನುತ್ತಿದ್ದಳು. ಆ ‘ಇರ್ರಿ’ ಅವಳಿಗೆ ವಿಜಯಪುರದಾಕೆಯಿಂದ ಬಂದದ್ದು. ನನ್ನ ತಟ್ಟೆಗೂ ಒಂದು ರೊಟ್ಟಿ ಬಂತು, ಅಂಚು ಸ್ವಲ್ಪ ಸೀದಿತ್ತು.

ಊಟ ಮುಗಿಸಿ ಕೈ ತೊಳೆಯಲು ಎದ್ದೆ. ತಂಗಿ ಒಲೆಯ ಹತ್ತಿರದಿಂದಲೇ ಕರೆದಳು.

“ಅಕ್ಕ, ತಟ್ಟೆ ಹಂಗೇ ಬಿಟ್ಟು ಹೋಗಬಾರದು. ಅಲ್ಲಿ ಟಬ್ಬಿದೆ, ಅದರಲ್ಲಿ ಇಡಬೇಕು.”

ಮೇಜಿಗೆ ವಾಪಸ್ಸು ಬಂದು ತಟ್ಟೆ ಎತ್ತಿಕೊಂಡೆ. ಹುಡುಗಿಯರ ಹಿಂದೆ ಸಾಲಿನಲ್ಲಿ ನಿಂತು ಅದನ್ನು ಟಬ್ಬಿನಲ್ಲಿಟ್ಟು, ಮೆಟ್ರೋ ನಿಲ್ದಾಣದ ಕಡೆಗೆ ನಡೆದೆ.