ಜೋಳದ ನಡುವಿನ ತೊಗರಿ ಸಾಲು

1987ರಲ್ಲಿ, ಏಳನೇ ತರಗತಿಗೆ, ನಾನು ಶಾಲೆ ಬಿಟ್ಟೆ. ಅವ್ವನ ಮೊಣಕಾಲು ಹೋಗಿತ್ತು. ಬಿತ್ತುವಾಗ ಕೂರಿಗೆಯ ಹಿಂದೆ ನಡೆಯುತ್ತ, ಬಿದಿರಿನ ಕೊಳವೆಯಲ್ಲಿ ತೊಗರಿ ಕಾಳು ಬಿಡುವವರು ಬೇಕಾಗಿತ್ತು. ಒಂದಷ್ಟು ಸಾಲು ಜೋಳ, ನಡುವೆ ಒಂದು ಸಾಲು ತೊಗರಿ. ತಮ್ಮ ಓದಿದ. ಓದಲಿ ಎಂದವನು ನಾನೇ, ಆ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಅವನು ಮಾಡಿದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಅವ್ವನ ತವರಿನಿಂದ ಬಂದ ತೊಗರಿ. ನಿಧಾನದ್ದು. ಜೋಳ ಇರುವ ತನಕ ನೆರಳಲ್ಲಿ ಸಣಕಲಾಗಿ ನಿಲ್ಲುತ್ತದೆ. ಜೋಳ ಕೊಯ್ದ ಮೇಲೆ ಬಿಸಿಲು ಕಂಡು ಹರಡಿ, ಸಂಕ್ರಾಂತಿ ಹೊತ್ತಿಗೆ ಕಾಯಿ ತುಂಬುತ್ತದೆ. ಅದಕ್ಕೇ ಜೋಳವನ್ನು ಕುಡುಗೋಲಿನಲ್ಲಿ, ತೊಗರಿಯ ಟೊಂಗೆ ಮುರಿಯದ ಹಾಗೆ ಕೊಯ್ಯುವುದು.

ದಸರೆಗೆ ಮಗಳನ್ನು ಕರೆತರಲು ನಾನೂ ಹೆಂಡತಿಯೂ ಅವಳ ಗಂಡನ ಮನೆಗೆ, ಕೊಡಂಗಲ್‌ಗೆ ಹೋಗಿದ್ದೆವು. ಜಹೀರಾಬಾದಿನಲ್ಲಿ ನೌಕರಿ ಮಾಡುವ ತಮ್ಮ ಹಬ್ಬಕ್ಕೆ ಬಂದವನು ಕೊಯ್ಲಿನ ಮಿಷನ್ ಕರೆಸಿದ್ದ. ನಾವು ತಿರುಗಿ ಬಂದಾಗ ಹೊಲ ಬೋಳು.

“ಅಣ್ಣಾ, ನೀ ಎಂಟ್ ದಿನ ಕೊಯ್ಯಾಂವ. ಒಂದೇ ಮುಂಜಾನ್ಯಾಗ ಮುಗಿಸೀನಿ ನೋಡು.”

“ತೊಗರಿ ಎಲ್ಲಿ ಅದ?”

“ಅದರಾಗ ಕಾಯಿ ಎಲ್ಲಿದ್ದವು? ಬರೀ ಕಡ್ಡಿ.”

“ಇದೇ ಹೊಲದಾಗ ಆಡಿ ಬೆಳದಾಂವಗ, ತೊಗರಿ ಯಾವಾಗ ಕಾಯಿ ಹಿಡಿತದ ಅಂತ ನಾ ಹೇಳಬೇಕಾ?”

“ತಾಂಡೂರಾಗ ಬೇಕಾದಷ್ಟು ಬೀಜ ಸಿಗ್ತಾವ. ತಂದು ಕೊಡ್ತೀನಿ ಬಿಡು.”

ನನ್ನ ಹೆಂಡತಿ ತಲೆಯ ಮೇಲಿನ ಗಂಟು ಇಳಿಸಿದಳು. “ಹಂಗಾರ ಅದೇ ಅಂಗಡ್ಯಾಗ ಒಬ್ಬ ಅಣ್ಣನ್ನೂ ತಗೊಂಡು ಬರ್ರಿ, ಸಾಹೇಬ್ರ.”

ನಿಜಕ್ಕೂ ಬೀಜದ ಚೀಲ ತಂದ. ಅದು ಬೇಗ ಹೂ ಬಿಡುವ ಜಾತಿ, ಜೋಳದ ನೆರಳಲ್ಲಿ ಏನು ಕಾಳು ಕಟ್ಟೀತು? ಹಾಗೇ ಬಸ್ಸಿಗೆ ಹಾಕಿ ವಾಪಸ್ ಕಳಿಸಿದೆ. ಮನೆಯಲ್ಲಿ ಹಳೆ ಬೀಜ ಇರಲಿಲ್ಲ, ಬಿತ್ತಿ ಮಿಕ್ಕಿದ್ದನ್ನು ಬೇಳೆ ಮಾಡಿ ಉಂಡಿದ್ದೆವು. ಸುತ್ತಲಿನ ಹೊಲಗಳಲ್ಲಿ ಆ ತೊಗರಿ ಈಗ ಯಾರೂ ಹಾಕುವುದಿಲ್ಲ.

ಬದುವಿನ ಬೇವಿನ ಮರದ ಕೆಳಗೆ ಮಾತ್ರ ಮಿಷನ್ ತಿರುಗಿರಲಿಲ್ಲ. ಅಲ್ಲಿ ಉಳಿದ ಗಿಡಗಳಿಗೆ ಕುರಿ ಬಾಯಿ ಹಾಕದಂತೆ ಹೆಂಡತಿ ಮುಳ್ಳು ಕಟ್ಟಿದಳು. ಸಂಕ್ರಾಂತಿಗೆ ಅವುಗಳ ಕಾಳು ಬಿಡಿಸಿ ಇಟ್ಟಳು. ಮುಂದಿನ ಮುಂಗಾರಿಗೆ ಅದನ್ನೇ ಬಿತ್ತಿದೆವು. ಕೊಳವೆ ಹಿಡಿದವನು ನಾನು.

ತಮ್ಮನ ಫೋನ್ ಬರುತ್ತದೆ. ಎತ್ತುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ನಾಲ್ಕು ಎಕರೆ, ಒಂದು ಜೋಡಿ ಎತ್ತು, ಒಂದು ಕೂರಿಗೆ, ಬೀಜಕ್ಕೆಂದು ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಐದು ಸೇರು ತೊಗರಿ.